ಕಾರ್ಡ್ ರೀಡರ್ ಹಾಕಿಸೀವ್ರಿ, ಬಾಗಿಲು ಮಾತ್ರ ತೆರೆದೇ ಇರ್ತದ

ಪ್ರಶ್ನೆ: ನಮಸ್ಕಾರ್ರೀ. ಕಲಬುರಗಿ ಕಪನೂರ ಇಂಡಸ್ಟ್ರಿಯಲ್ ಏರಿಯಾದಾಗ ನಮ್ದು ದಾಲ್ ಮಿಲ್ ಅದ. ಆಫೀಸು, ಸರ್ವರ್ ರೂಮು, ಗೋಡೌನು ಮೂರಕ್ಕೂ ಕಾರ್ಡ್ ರೀಡರ್ ಹಾಕಿಸೀವಿ. ಆದ್ರೂ ಮೊನ್ನೆ ಒಬ್ಬ ಎಸಿ ರಿಪೇರಿ ಅಂತ ಬಂದು ಅಕೌಂಟ್ಸ್ ಕೋಣಿಯಿಂದ ಲ್ಯಾಪ್‌ಟಾಪ್ ಎತ್ಕೊಂಡು ಹೋದ. ನಮ್ಮ ಹುಡುಗನೇ ಅವನಿಗೆ ಬಾಗಿಲು ಹಿಡಿದಿದ್ದ! ಬೆರಳಚ್ಚಿನ ಮಷಿನ್ ಹಾಕಿಸ್ಲೇನು, ಮಂದಿಗೆ ಟ್ರೇನಿಂಗ್ ಕೊಡಿಸ್ಲೇನು? ಎರಡಕ್ಕೂ ರೊಕ್ಕ ಇಲ್ರಿ.

ಉತ್ತರ: ಬೆರಳಚ್ಚು ಬ್ಯಾಡ್ರಿ. ಚೀಲ ಹೊತ್ತು ಗೆರಿ ಸವೆದ ಬೆರಳಿಗೆ, ತೊಗರಿ ಧೂಳು ಮೆತ್ತಿದ ಕೈಗೆ ಮಷಿನ್ ನಾಕು ಸಲ ‘ಮತ್ತೊಮ್ಮೆ’ ಅಂತದ. ಐದನೇ ಸಲಕ್ಕ ಯಾರೋ ಒಳಗಿಂದ ಬಾಗಿಲು ತೆಗೀತಾರ.

ಹುಡುಗನ್ನ ಬೈಬ್ಯಾಡ್ರಿ. ಮೇ ತಿಂಗಳ ಬಿಸಲಾಗ ಟೂಲ್ ಪೆಟ್ಟಿಗಿ ಹಿಡಿದು ನಿಂತವನ ಮುಖಕ್ಕ ಬಾಗಿಲು ಹಾಕೋದು ನಮ್ಮ ಕಡಿ ಮಂದಿಗೆ ಆಗೋ ಮಾತಲ್ಲ. ಕಳ್ಳನಿಗೂ ಅದು ಗೊತ್ತು. ಹಿಂಗ ಇನ್ನೊಬ್ಬರ ಬೆನ್ನಿಗೇ ಒಳಗ ನುಗ್ಗೋದಕ್ಕ ನಮ್ಮ ಸೆಕ್ಯುರಿಟಿ ಲೈನಿನಾಗ ಟೇಲ್‌ಗೇಟಿಂಗ್ ಅಂತಾರ. ಗೇಟ್ ಹತ್ರ ನೆರಳು ಮಾಡ್ರಿ, ಒಂದು ಬೆಂಚು, ಒಂದು ನೀರಿನ ಮಡಕಿ ಇಡ್ರಿ. ಆಗ ‘ಕೂಡ್ರಿ, ನೀರು ಕುಡೀರಿ, ಯಾರು ಕರೆದಾರೋ ಅವ್ರಿಗೆ ಫೋನ್ ಹಚ್ಚತೀನಿ’ ಅನ್ನೋದು ಮರ್ಯಾದಿ ಮಾತೇ ಆಗ್ತದ. ಟ್ರೇನಿಂಗ್ ಅಂದ್ರ ಈ ಮಾತು ಬಾಯಿಗೆ ರೂಢಿ ಆಗೋದು. ಪ್ರೊಜೆಕ್ಟರ್ ಬ್ಯಾಡ. ಶಿಫ್ಟ್ ಬದಲಾಗೋ ಹೊತ್ತಿಗೆ ಬಾಗಿಲ ಹತ್ರಾನೇ 10 ನಿಮಿಷ ಒಬ್ಬ ಎಸಿಯವನಾಗ್ಲಿ, ಇನ್ನೊಬ್ಬ ತಡೀಲಿ. ಮಾಲೀಕ್ರನ್ನೂ ಒಮ್ಮೆ ತಡೀಲಿ. ಅವ್ರು ಸಿಟ್ಟಾದ್ರೋ, ಟ್ರೇನಿಂಗ್ ಅಲ್ಲಿಗೇ ಮುಗೀತು.

ರೊಕ್ಕ ಹಾಕೋದಿದ್ರ ಬಾಗಿಲು 30 ಸೆಕೆಂಡ್ ತೆರೆದಿದ್ರ ಕೂಗೋ ಬಜರ್‌ಗೆ ಹಾಕ್ರಿ. 20 ಲೀಟರ್ ನೀರಿನ ಕ್ಯಾನ್ ಅಡ್ಡ ಇಟ್ಟು ಗಾಳಿಗೆ ಬಾಗಿಲು ತೆರೆದಿಡೋದು ನಿಮ್ಮಲ್ಲೂ ಇರ್ಬೇಕಲ್ಲ? ಇನ್ನ ಕಾರ್ಡು. 125 ಕಿಲೋಹರ್ಟ್ಸ್‌ನ ಹಳೇ ಕಾರ್ಡ್ ನಕಲು ಮಾಡೋದು ಭಾಳ ಸಲೀಸು. ಸರ್ವರ್ ರೂಮಿಗಾದ್ರೂ 13.56 ಮೆಗಾಹರ್ಟ್ಸ್‌ನ ಡೆಸ್‌ಫೈರ್ ಅನ್ನೋ, ನಕಲು ಮಾಡೋದು ಕಷ್ಟ ಇರೋ ಕಾರ್ಡ್ ಕೇಳ್ರಿ. ಮೈಫೇರ್ ಕ್ಲಾಸಿಕ್ ಅನ್ನೋ ಹಳೇ ತಳಿ ಕಾರ್ಡ್ ಕೊಟ್ರ ತಗೋಬ್ಯಾಡ್ರಿ, ಅದರ ಗುಪ್ತಲಿಪಿ ಗುಟ್ಟು 2008ರಾಗೇ ಬಯಲಾಗ್ಯದ.

ಪ್ರಶ್ನೆ: ಕ್ಯಾನ್ ಇಡೋದು ಖರೇ ಅದ್ರಿ 😀 ಬೆಂಕಿ ಗಿಂಕಿ ಬಿದ್ರ ಬಾಗಿಲು ಲಾಕ್ ಆಗೇ ಇರ್ತದೇನು?

ಉತ್ತರ: ಮ್ಯಾಗ್ನೆಟ್ ಲಾಕ್ ಇದ್ರ ಕರೆಂಟ್ ಹೋದ ಕೂಡ್ಲೇ ಬಿಟ್ಕೊಳ್ತದ. ಬ್ಯಾಟರಿ ಇಲ್ಲಂದ್ರ ಪ್ರತಿ ಪವರ್ ಕಟ್‌ಗೂ ಗೋಡೌನ್ ಬಯಲು. ಬ್ಯಾಟರಿ ಇಟ್ರ ಬೆಂಕಿ ಬಿದ್ದಾಗಲೂ ಹಿಡ್ಕೊಂಡೇ ಇರ್ತದ. ಅದಕ್ಕ ಬ್ಯಾಟರಿನೂ ಇರ್ಲಿ, ಫೈರ್ ಅಲಾರಂ ಹೊಡೆದ್ರ ಲಾಕಿನ ಕರೆಂಟ್ ಕಡಿಯೋ ರಿಲೇನೂ ಇರ್ಲಿ. ಒಳಗಿಂದ ಒತ್ತೋ ಎಮರ್ಜೆನ್ಸಿ ಬಟನ್ ಮರೀಬ್ಯಾಡ್ರಿ. ಅಂದಂಗ, ಕೆಲಸ ಬಿಟ್ಟೋದವ್ರ ಕಾರ್ಡ್ ಬಂದ್ ಮಾಡೀರೇನು?

ಪ್ರಶ್ನೆ: ಈಗ ನೋಡಿದ್ರಿ. ಮೂರು ಇನ್ನೂ ಚಾಲೂ ಅವ.