ಓಸ್ಲೊ ಒಪ್ಪಂದದ ಮೇಲಿನ ನಂಬಿಕೆ ಕುಸಿದದ್ದೇಕೆ?

ಪ್ರಶ್ನೆ: 1993ರ ಸೆಪ್ಟೆಂಬರ್ 13ರಂದು ವಾಷಿಂಗ್ಟನ್ನಿನಲ್ಲಿ ಓಸ್ಲೊ ಶಾಂತಿ ಒಪ್ಪಂದಕ್ಕೆ ಸಹಿ ಬಿದ್ದು, ಇಸ್ರೇಲಿನ ಪ್ರಧಾನಿ ರಾಬಿನ್ ಮತ್ತು ಪ್ಯಾಲೆಸ್ಟೀನಿಯರ ನಾಯಕ ಅರಾಫತ್ ಕೈಕುಲುಕಿದರೂ, ಇಸ್ರೇಲಿಗಳು ಮತ್ತು ಪ್ಯಾಲೆಸ್ಟೀನಿಯರ ನಡುವೆ ವಿಶ್ವಾಸ ಏಕೆ ಬೇರೂರಲಿಲ್ಲ?

ಉತ್ತರ 1: ಜೆರುಸಲೇಮ್, ನಿರಾಶ್ರಿತರು, ಗಡಿ, ಇಸ್ರೇಲ್ ವಶಪಡಿಸಿಕೊಂಡ ನೆಲದಲ್ಲಿನ ಯಹೂದಿ ವಸಾಹತುಗಳಂಥ ಕಠಿಣ ವಿಷಯಗಳನ್ನೆಲ್ಲ ಮುಂದೂಡಿ, ಐದು ವರ್ಷಗಳ ಮಧ್ಯಂತರ ಅವಧಿಯಲ್ಲಿ ವಿಶ್ವಾಸ ತಾನಾಗಿಯೇ ಬೆಳೆಯುತ್ತದೆಂದು ಭಾವಿಸಿದ್ದೇ ಮೂಲದೋಷವೆಂದು ನನ್ನ ದೃಢ ಅಭಿಪ್ರಾಯ. ಆ ಅವಧಿಯಲ್ಲೂ ಪ್ಯಾಲೆಸ್ಟೀನಿಯರು ವಾಸಿಸುವ ಪಶ್ಚಿಮ ದಂಡೆಯ ವಸಾಹತುಗಳು ಬೆಳೆಯುತ್ತಲೇ ಹೋದವು. ತನ್ನ ಆಲಿವ್ ತೋಟದ ಪಕ್ಕದ ಗುಡ್ಡದಲ್ಲಿ ಹೊಸ ಮನೆಗಳು ಏಳುವುದನ್ನು ಕಂಡ ರೈತನಿಗೆ ಒಪ್ಪಂದದ ಕಾಗದ ಯಾವ ಭರವಸೆ ಕೊಟ್ಟೀತು?

ಉತ್ತರ 2: ಒಪ್ಪುತ್ತೇನೆ, ಆದರೆ ಇಸ್ರೇಲಿಗಳ ಭಯವನ್ನೂ ಕಡೆಗಣಿಸಲಾಗದು. 1994ರ ಫೆಬ್ರವರಿಯಲ್ಲಿ ಪಶ್ಚಿಮ ದಂಡೆಯ ಹೆಬ್ರಾನ್ ನಗರದ ಮಸೀದಿಯಲ್ಲಿ ಯಹೂದಿ ಉಗ್ರನೊಬ್ಬ ಪ್ರಾರ್ಥನೆಯಲ್ಲಿದ್ದ 29 ಮಂದಿಯನ್ನು ಕೊಂದ ಬಳಿಕ, ಪ್ಯಾಲೆಸ್ಟೀನಿಯರ ಸಶಸ್ತ್ರ ಸಂಘಟನೆ ಹಮಾಸ್‌ನ ಆತ್ಮಾಹುತಿ ದಾಳಿಗಳಿಂದಾಗಿ ಇಸ್ರೇಲಿನಲ್ಲಿ ಜನ ಬಸ್ಸು ಹತ್ತಲೂ ಹೆದರುವಂತಾಯಿತು.

ಉತ್ತರ 3: 1995ರ ನವೆಂಬರ್ 4ರಂದು ರಾಬಿನ್ ಅವರನ್ನು ಕೊಂದವನು ಒಪ್ಪಂದವನ್ನು ವಿರೋಧಿಸುತ್ತಿದ್ದ ಇಸ್ರೇಲಿಯೇ. ಉಲ್ಲಂಘನೆ ಯಾರದೆಂದು ನಿರ್ಣಯಿಸಿ, ಆ ನಿರ್ಣಯವನ್ನು ಇಬ್ಬರ ಮೇಲೂ ಕಡ್ಡಾಯಗೊಳಿಸಬಲ್ಲ ಮೂರನೆಯ ಶಕ್ತಿ ಇರಲಿಲ್ಲವಾದ್ದರಿಂದ, ಒಪ್ಪಂದವನ್ನು ಮುರಿಯಬಯಸಿದ ಕೆಲವರೇ ಮೇಲುಗೈ ಸಾಧಿಸಿದರು.