ಟ್ಯಾಂಕ್ ಪಂಪ್ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ: ಹೊಸದು ತರಬೇಕಾ?

ಕೋಟೆಗುಡ್ಡ (ಬಳ್ಳಾರಿ):
ನಮಸ್ಕಾರ ಎಲ್ಲರಿಗೂ. ನಮ್ಮದು 3 ಅಡಿ ಟ್ಯಾಂಕ್, ಸುಮಾರು 120 ಲೀಟರ್ ನೀರು. ಗಪ್ಪಿ, ಮೋಲಿ, ಜೊತೆಗೆ ಒಂದಿಷ್ಟು ಬಸವನಹುಳ. ಹಿಂದಿನ ಮೂಲೆಯಲ್ಲಿ, ಮರಳಿನ ಮೇಲೆ, ಒಂದು ಅಗ್ಗದ ಸರ್ಕ್ಯುಲೇಶನ್ ಪಂಪ್ ಇಟ್ಟಿದ್ದೇನೆ. ಡಬ್ಬಿ ಮೇಲೆ ಗಂಟೆಗೆ 1000 ಲೀಟರ್ ಅಂತ ಬರೆದಿದೆ. ಕರೆಂಟ್ ಇರುವಷ್ಟು ಹೊತ್ತು ಓಡುತ್ತದೆ. ಕರೆಂಟ್ ಹೋಗಿ ಬಂತು ಅಂದರೆ ಗುಂಯ್ ಅನ್ನುತ್ತದೆ ಅಷ್ಟೇ, ನೀರು ತಳ್ಳುವುದಿಲ್ಲ. ಪ್ಲಗ್ ತೆಗೆದು ಹಾಕಿ, ಮೈಮೇಲೆ ಒಂದೆರಡು ಸಲ ತಟ್ಟಿದರೆ ಕಟಕಟ ಅಂತ ಸದ್ದು ಮಾಡಿ ಶುರುವಾಗುತ್ತದೆ. ಮುಂಚೆ ಇದ್ದ ಪಂಪ್ ಕೂಡ ಹೀಗೇ ಆಟ ಆಡಿಸಿ ಕೊನೆಗೆ ನಿಂತೇ ಹೋಯಿತು. ಅಂಗಡಿಯವರು "ಈ ರೇಟಿಗೆ ಇಷ್ಟೇ ಬರೋದು, ಹೊಸದು ಒಯ್ಯಿರಿ" ಅನ್ನುತ್ತಾರೆ. ಬಿಸಿಲು ಬೇರೆ ಜಾಸ್ತಿ, ರಾತ್ರಿ ಪಂಪ್ ನಿಂತರೆ ಬೆಳಿಗ್ಗೆ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿರುತ್ತವೆ. ಮನೆಯಲ್ಲಿ ಹಳೆಯ ಕೂಲರ್ ಪಂಪ್ ಒಂದು ಸುಮ್ನೆ ಬಿದ್ದಿದೆ. ಅದನ್ನೇ ಹಾಕಬಹುದಾ?

ಗಂಗಾವತಿ ಮೀನು:
ಇನ್ವರ್ಟರ್ ಮೇಲೆ ಓಡಿಸುತ್ತೀರಾ? ನಮ್ಮ ಮನೆಯಲ್ಲಿ ಇನ್ವರ್ಟರ್‌ಗೆ ಬಂದ ಕೂಡಲೇ ಪಂಪ್ ಸದ್ದು ಬದಲಾಗುತ್ತಿತ್ತು.

ಕೋಟೆಗುಡ್ಡ:
ಇಲ್ಲ ರೀ, ಟ್ಯಾಂಕ್ ಇನ್ವರ್ಟರ್ ಲೈನಿನಲ್ಲಿ ಇಲ್ಲ. ನೇರ ಕರೆಂಟ್.

ತೀನ್ ಕಂದೀಲ್ (ರಾಯಚೂರು):
ಅಣ್ಣಾ, ಹೊಸದು ಈಗಲೇ ತರಬೇಡಿ. ಗುಂಯ್ ಅನ್ನುತ್ತಿದೆ ಅಂದರೆ ಕಾಯಿಲ್ ಜೀವಂತ ಇದೆ. ಅಗ್ಗದ ಪಂಪ್‌ನಲ್ಲಿ ಕೆಡುವ ವಸ್ತು ತುಂಬಾ ಕಡಿಮೆ. ಒಂದು ಕಾಯಿಲ್, ಅದನ್ನು ಎಪಾಕ್ಸಿ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ಸುರಿದು ಮುಚ್ಚಿರುತ್ತಾರೆ. ಮಧ್ಯೆ ಒಂದು ಗುಂಡಿ, ಅದರೊಳಗೆ ತಿರುಗುವ ಆಯಸ್ಕಾಂತ, ಅಂದರೆ ರೋಟರ್, ಅದರ ತುದಿಗೆ ನೀರು ತಳ್ಳುವ ರೆಕ್ಕೆ, ಅಂದರೆ ಇಂಪೆಲ್ಲರ್, ನಡುವೆ ಸೆರಾಮಿಕ್ ಅಥವಾ ಸ್ಟೀಲ್ ಶಾಫ್ಟ್, ಎರಡು ಕಡೆ ರಬ್ಬರ್ ಬುಷ್. ಕಾರ್ಬನ್ ಬ್ರಷ್ ಇಲ್ಲ, ಸೀಲ್ ಇಲ್ಲ. ದುಬಾರಿ ಪಂಪ್‌ನಲ್ಲೂ ಒಳಗೆ ಹೆಚ್ಚುಕಡಿಮೆ ಇದೇ, ಶಾಫ್ಟ್ ಮತ್ತು ಬುಷ್ ಚೆನ್ನಾಗಿರುತ್ತವೆ, ಅಳತೆ ಬಿಗಿಯಾಗಿರುತ್ತದೆ, ಅಷ್ಟೇ ವ್ಯತ್ಯಾಸ.

ಕರೆಂಟ್ ಬಂದಾಗ ಮಾತ್ರ ಯಾಕೆ ಸಿಕ್ಕಿಕೊಳ್ಳುತ್ತದೆ ಅಂದರೆ, ಇದು ಸಿಂಕ್ರೊನಸ್ ಮೋಟರ್, ಕರೆಂಟಿನ ಲಯಕ್ಕೆ ಸರಿಯಾಗಿ ಮಾತ್ರ ತಿರುಗುವಂಥದ್ದು. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಎರಡು ಪೋಲ್ ರೋಟರ್ ನಿಮಿಷಕ್ಕೆ 3000 ಸುತ್ತು ತಿರುಗಬೇಕು, ನಿಧಾನಕ್ಕೆ ಶುರು ಮಾಡಿ ವೇಗ ಏರಿಸುವ ಪದ್ಧತಿ ಅದಕ್ಕೆ ಇಲ್ಲ. ನಿಂತಲ್ಲೇ ಹಿಂದೆ ಮುಂದೆ ಅಲುಗಾಡಿ ಒಂದೇ ಏಟಿಗೆ ಲಯ ಹಿಡಿಯಬೇಕು. ಗುಂಡಿಯೊಳಗೆ ಸ್ವಲ್ಪ ತಿಕ್ಕಾಟ ಇದ್ದರೂ ಆ ಒಂದು ಏಟಿಗೆ ಶಕ್ತಿ ಸಾಲುವುದಿಲ್ಲ, ಅಲುಗಾಡುತ್ತಲೇ ಉಳಿಯುತ್ತದೆ, ಅದೇ ನೀವು ಕೇಳುವ ಗುಂಯ್. ಓಡುತ್ತಿರುವ ರೋಟರ್ ಅದೇ ತಿಕ್ಕಾಟವನ್ನು ದಾಟಿಕೊಂಡು ಓಡುತ್ತದೆ. ಪಕ್ಕದ ಮನೆಯವರು ಬೋರ್ ಮೋಟರ್ ಹಾಕಿ ವೋಲ್ಟೇಜ್ ಬಿದ್ದಿದ್ದರಂತೂ ಶುರುವಾಗುವುದು ಇನ್ನೂ ಕಷ್ಟ. ಹಾಗೆ ಗುಂಯ್ ಅನ್ನುತ್ತಾ ರಾತ್ರಿಯೆಲ್ಲ ಬಿಟ್ಟರೆ ಕಾಯಿಲ್ ಬಿಸಿಯಾಗಿ ಎಪಾಕ್ಸಿ ಉಬ್ಬುತ್ತದೆ. ಉಬ್ಬಿದರೆ ಗುಂಡಿ ಇನ್ನೂ ಕಿರಿದಾಗುತ್ತದೆ. ನಿಮ್ಮ ಹಳೆ ಪಂಪ್ ಸತ್ತಿದ್ದು ಬಹುಶಃ ಹಾಗೇ.

ಈಗ ಹೀಗೆ ಮಾಡಿ. ಪ್ಲಗ್ ಕಿತ್ತು, ಆಮೇಲೆ ನೀರಿಗೆ ಕೈ ಹಾಕಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಎಷ್ಟೋ ಮನೆಗಳಲ್ಲಿ ಸ್ವಿಚ್ ನ್ಯೂಟ್ರಲ್ ಕಡೆ ಇರುತ್ತದೆ. ಮುಂದಿನ ಮುಚ್ಚಳ ತಿರುಗಿಸಿ ತೆಗೆದು, ಇಂಪೆಲ್ಲರ್ ಹಿಡಿದು ನೇರವಾಗಿ ಎಳೆಯಿರಿ. ಓರೆ ಎಳೆದರೆ ಸೆರಾಮಿಕ್ ಶಾಫ್ಟ್ ಪಟ್ ಅಂತ ಮುರಿಯುತ್ತದೆ. ರೋಟರ್ ಮೇಲೆ ಏನು ಅಂಟಿದೆ ನೋಡಿ ಫೋಟೋ ಹಾಕಿ. ಬೋರ್ ನೀರು ಹಾಕುವವರಾದರೆ ಬಿಳಿ ಪೊರೆ ಇರುತ್ತದೆ, ನೀರು ಕಾಯಿಸುವ ಕಾಯಿಲ್ ಮೇಲೆ ಕಟ್ಟುವ ಸುಣ್ಣವೇ ಅದು. ಮರಿ ಬಸವನಹುಳ ಸಿಕ್ಕಿಕೊಂಡಿರುವುದೂ ಉಂಟು.

ಕೂಲರ್ ಪಂಪ್ ವಿಷಯ: ಬೇಡ. ಒಳಗಿನ ಮೋಟರ್ ಅದೇ ಜಾತಿ, ಅದು ನಿಜ. ಆದರೆ ಹಳೆ ಕೂಲರ್‌ನಲ್ಲಿ ಇದ್ದದ್ದು, ವೈರ್ ಬಿಸಿಲಿಗೆ ಒಣಗಿ ಬಿರುಕು ಬಿಟ್ಟಿರುತ್ತದೆ. ಕೂಲರ್ ಮುಟ್ಟಿದರೆ ಶಾಕ್ ಹೊಡೆಯುವುದು ನಮ್ಮ ಕಡೆ ಪ್ರತಿ ಬೇಸಿಗೆಯ ಕಥೆ, ಅದನ್ನು ಮೀನಿನ ಟ್ಯಾಂಕಿಗೂ ತರುವುದು ಯಾಕೆ?

ಕೋಟೆಗುಡ್ಡ:
ಬಿಚ್ಚಿದೆ ಸರ್, ಫೋಟೋ ಹಾಕಿದ್ದೇನೆ. ಬಿಳಿ ಪೊರೆ ಸ್ವಲ್ಪ ಇದೆ. ಆದರೆ ರೋಟರ್ ಸುತ್ತ ಕಪ್ಪು ಪುಡಿ ಕೂದಲು ನಿಂತ ಹಾಗೆ ನಿಂತಿದೆ! ಒರೆಸಿದರೂ ಪೂರ್ತಿ ಹೋಗುತ್ತಿಲ್ಲ, ಜಾರಿ ಇನ್ನೊಂದು ಕಡೆ ಅಂಟುತ್ತದೆ. ಗುಂಡಿಯ ಒಳಗೋಡೆಯಲ್ಲಿ ಗೀರು ಬಿದ್ದಿದೆ. ತುಕ್ಕಾ ಇದು?

ತೀನ್ ಕಂದೀಲ್:
ತುಕ್ಕು ಅಲ್ಲ. ಟ್ಯಾಂಕಿನಲ್ಲಿ ಯಾವ ಮರಳು ಹಾಕಿದ್ದೀರಿ?

ಕೋಟೆಗುಡ್ಡ:
ಮನೆ ಕಟ್ಟುವಾಗ ಉಳಿದ ಹೊಳೆ ಮರಳು. ಜರಡಿ ಹಿಡಿದು, ಚೆನ್ನಾಗಿ ತೊಳೆದೇ ಹಾಕಿದ್ದು.

ತೀನ್ ಕಂದೀಲ್:
ಸಿಕ್ಕಿತು ನೋಡಿ ಕಳ್ಳ. ಹೊಳೆ ಮರಳಿನಲ್ಲಿ ಕಪ್ಪು ಕಣ ಇರುತ್ತದೆ, ಅದರಲ್ಲಿ ಮ್ಯಾಗ್ನೆಟೈಟ್ ಅನ್ನುವ ಕಬ್ಬಿಣದ ಅದಿರು ಬೆರೆತಿರುತ್ತದೆ. ಎಷ್ಟು ತೊಳೆದರೂ ಅದು ಹೋಗುವುದಿಲ್ಲ, ಭಾರ ಇರುವುದರಿಂದ ಬಕೆಟ್ ತಳದಲ್ಲೇ ಉಳಿಯುತ್ತದೆ. ಪಂಪ್ ಮರಳಿನ ಮೇಲೆ ಕೂತಿದೆ, ಎಳೆಯುವ ನೀರಿನ ಜೊತೆ ಸಣ್ಣ ಕಣ ಒಳಗೆ ಬರುತ್ತದೆ. ಬೇರೆ ಮರಳಾದರೆ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ, ಇದು ಆಯಸ್ಕಾಂತಕ್ಕೆ ಅಂಟಿಕೊಂಡು ಅಲ್ಲೇ ಮನೆ ಮಾಡುತ್ತದೆ. ರೋಟರ್‌ಗೂ ಗೋಡೆಗೂ ನಡುವೆ ಇರುವ ಜಾಗ ಒಂದು ಮಿಲಿಮೀಟರ್ ಆಜುಬಾಜು, ಅದರಲ್ಲಿ ಈ ಪುಡಿ ಕೂತರೆ ಉಪ್ಪುಕಾಗದ ಉಜ್ಜಿದ ಹಾಗೆ. ಪಂಪ್ ಕಂಪನಿ ಯಾವುದಾದರೂ ಇದೇ ಗತಿ. ಅಂಗಡಿಯವರು ಹೇಳಿದಂತೆ ಹೊಸದು ತಂದಿದ್ದರೆ ಅದೂ ಇದೇ ದಾರಿ ಹಿಡಿಯುತ್ತಿತ್ತು.

ರೋಟರ್‌ಗೆ ಅಂಟಿದ್ದನ್ನು ಬಟ್ಟೆಯಲ್ಲಿ ಒರೆಸಿದರೆ ಬರುವುದಿಲ್ಲ. ಅಗಲದ ಪ್ಯಾಕಿಂಗ್ ಟೇಪ್ ಒತ್ತಿ ಒತ್ತಿ ಕೀಳಿ, ಇಲ್ಲವೇ ಗಟ್ಟಿಯಾಗಿ ನಾದಿದ ಹಿಟ್ಟಿನ ಉಂಡೆ ಒತ್ತಿ. ಗುಂಡಿಗೆ ಹಳೆ ಹಲ್ಲುಜ್ಜುವ ಬ್ರಷ್. ಆಮೇಲೆ ಸುಣ್ಣದ ಪೊರೆಗೆ ಬಿಳಿ ವಿನೆಗರ್‌ನಲ್ಲಿ ಒಂದು ತಾಸು ನೆನೆಸಿ, ಅಥವಾ ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ನಿಂಬೆ ಉಪ್ಪು. ಬಾತ್‌ರೂಮ್ ತೊಳೆಯುವ ಆಸಿಡ್ ಮಾತ್ರ ಹತ್ತಿರ ತರಬೇಡಿ, ರೋಟರ್ ಮೇಲಿನ ಲೇಪ ಹೋದರೆ ಒಳಗಿನ ಆಯಸ್ಕಾಂತಕ್ಕೆ ನೀರು ಇಳಿದು ಅದೇ ಉಬ್ಬಿ ಜಾಮ್ ಆಗುತ್ತದೆ. ಎಣ್ಣೆ, ಗ್ರೀಸ್ ಕೂಡ ಬೇಡ. ಈ ಮೋಟರ್‌ಗೆ ನೀರೇ ಎಣ್ಣೆ.

ಗಂಗಾವತಿ ಮೀನು:
ಮರಳು ಪೂರ್ತಿ ತೆಗೆಯಬೇಕಾ ಹಾಗಾದರೆ? ನನ್ನದೂ ಹೊಳೆ ಮರಳೇ.

ತೀನ್ ಕಂದೀಲ್:
ಟ್ಯಾಂಕ್ ನಡೆಯುತ್ತಿದ್ದರೆ ತೆಗೆಯಬೇಡಿ, ರಾಡಿ ಎದ್ದು ಇನ್ನೊಂದು ತಲೆನೋವು. ಹಳೆ ಸ್ಪೀಕರ್‌ನ ಆಯಸ್ಕಾಂತವನ್ನು ಎರಡು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಪಂಪ್ ಸುತ್ತಮುತ್ತ ಮರಳಿನ ಮೇಲೆ ನಿಧಾನಕ್ಕೆ ಆಡಿಸಿ. ಹೊರಗೆ ತಂದು ಕವರ್ ತಿರುಗಿಸಿದರೆ ಪುಡಿ ಉದುರುತ್ತದೆ. ಹೊಸದಾಗಿ ಹಾಕುವವರು ಒಣ ಮರಳನ್ನು ಚೀಲದ ಮೇಲೆ ಹರಡಿ ಇದನ್ನೇ ಮಾಡಿ, ಎಷ್ಟು ಬರುತ್ತದೆ ನೋಡಿದರೆ ಗಾಬರಿ ಆಗುತ್ತೀರಿ.

ಪಂಪ್ ಜಾಗ ಬದಲಿಸಿ. ಮರಳಿನಿಂದ ಅರ್ಧ ಅಡಿ ಮೇಲೆ ಗಾಜಿಗೆ ಅಂಟಿಸಿ, ನೀರು ಎಳೆಯುವ ಜಾಲರಿಗೆ ಒರಟು ಸ್ಪಂಜ್ ಕಟ್ಟಿ. ಮರಿ ಗಪ್ಪಿಗಳೂ ಉಳಿಯುತ್ತವೆ. ಸಕ್ಷನ್ ಕಪ್ ಗಟ್ಟಿಯಾಗಿದ್ದರೆ ಬಿಸಿನೀರಿನಲ್ಲಿ ಅದ್ದಿ ತೆಗೆಯಿರಿ, ಮೆತ್ತಗಾಗುತ್ತದೆ. ಆದರೆ ತೀರಾ ಮೇಲೂ ಬೇಡ. ನಮ್ಮ ಬಿಸಿಲಿಗೆ ಟ್ಯಾಂಕ್ ನೀರು ಬೇಗ ಇಳಿಯುತ್ತದೆ, ಪಂಪ್ ಗಾಳಿ ಎಳೆದು ಒಣ ಓಡಿದರೆ ಶಾಫ್ಟ್, ಬುಷ್ ಎರಡೂ ಮುಗಿದವು.

ಕೋಟೆಗುಡ್ಡ:
ಸರ್, ಟೇಪ್ ಹಾಕಿ ಕಿತ್ತೆ, ವಿನೆಗರ್ ಆಯಿತು, ಜೋಡಿಸಿದೆ. ಪ್ಲಗ್ ತೆಗೆದು ಹಾಕಿ ಸುಮಾರು ಸಲ ನೋಡಿದೆ, ಪ್ರತಿ ಸಲವೂ ತಾನೇ ಶುರುವಾಗುತ್ತಿದೆ. ಕಟಕಟ ಸದ್ದು ಮಾತ್ರ ಶುರುವಿನಲ್ಲಿ ಒಂದು ಕ್ಷಣ ಇದೆ. ಗೀರು ಬಿದ್ದಿದ್ದರಿಂದ ಶಾಕ್ ಏನಾದರೂ?

ತೀನ್ ಕಂದೀಲ್:
ಆ ಒಂದು ಕ್ಷಣದ ಸದ್ದು ಬಿಡಿ, ಇಂಪೆಲ್ಲರ್‌ಗೂ ರೋಟರ್‌ಗೂ ನಡುವೆ ಬೇಕೆಂದೇ ಸ್ವಲ್ಪ ಸಡಿಲ ಕೊಟ್ಟಿರುತ್ತಾರೆ, ಏಟು ಹಿಡಿಯಲು. ಓಡುವಾಗಲೂ ಬಂದರೆ ಬುಷ್ ಸವೆದಿದೆ ಅಂತ.

ಗೀರು ಮೇಲ್ಮೈಯಲ್ಲಿದ್ದರೆ ಚಿಂತೆ ಇಲ್ಲ. ಆದರೂ ಪರೀಕ್ಷೆ ಮಾಡಿ. ಪಂಪನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಪ್ಲಗ್ ಹೊರಗೆ, ಬೋರ್ಡಿಗೆ ಹಾಕಬಾರದು. ಮಲ್ಟಿಮೀಟರ್ ಓಮ್‌ನ ಅತಿ ದೊಡ್ಡ ರೇಂಜ್‌ನಲ್ಲಿಟ್ಟು ಒಂದು ಕಡ್ಡಿ ಪ್ಲಗ್ ಪಿನ್‌ಗೆ, ಇನ್ನೊಂದು ನೀರಿಗೆ. ಏನೇ ಓದು ಬಂದರೂ ಆ ಪಂಪ್ ಕಸಕ್ಕೆ. ಓದು ಬರದಿದ್ದರೂ ಟ್ಯಾಂಕಿನ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಹಾಕಿಸಿ, ಈ ಮೀಟರ್ ಬ್ಯಾಟರಿಯ ಕಡಿಮೆ ವೋಲ್ಟೇಜಿನಲ್ಲಿ ನೋಡುವುದು, 230 ವೋಲ್ಟ್ ಬೇರೆ. ವೈರ್ ಬೋರ್ಡಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಹೋಗುವಂತೆ ಬಿಡಿ, ಹನಿ ಪ್ಲಗ್‌ಗೆ ಹೋಗುವುದಿಲ್ಲ.

ಇನ್ನೊಂದು, ಪಂಪ್ ಸರಿ ಹೋಯಿತು ಅಂತ ರಾತ್ರಿ ಕರೆಂಟ್ ಹೋಗುವುದು ನಿಲ್ಲುವುದಿಲ್ಲ. 25 ಡಿಗ್ರಿ ನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂ ಚಿಲ್ಲರೆ ಆಮ್ಲಜನಕ ಕರಗುತ್ತದೆ, 35ಕ್ಕೆ ಹೋದರೆ 7ರ ಹತ್ತಿರ ಇಳಿಯುತ್ತದೆ. ಮೀನಿಗೆ ಆ ಬಿಸಿಯಲ್ಲಿ ಬೇಕಾಗುವುದು ಇನ್ನೂ ಜಾಸ್ತಿ. ಕರೆಂಟ್ ಹೋದಾಗ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಇನ್ವರ್ಟರ್ ಲೈನಿಗೆ ಪಂಪ್ ಹಾಕುವುದಾದರೆ ಸೈನ್ ವೇವ್‌ನದೇ ಆಗಬೇಕು, ಹಳೆ ಸ್ಕ್ವೇರ್ ವೇವ್‌ನಲ್ಲಿ ಸದ್ದೂ ಬಿಸಿಯೂ ಏರುತ್ತವೆ. ಗಂಗಾವತಿಯವರು ಮೊದಲು ಕೇಳಿದ್ದು ಅದೇ.

ಗಂಗಾವತಿ ಮೀನು:
ನಮ್ಮದು ಸ್ಕ್ವೇರ್ ವೇವೇ. ಪಂಪ್ ಆ ಲೈನಿನಿಂದ ತೆಗೆದೆ. ಸ್ಪೀಕರ್ ಆಯಸ್ಕಾಂತ ಹುಡುಕುತ್ತಿದ್ದೇನೆ.