ಸಬ್‌ವೂಫರ್ ಗುಂಯ್‌ಗುಟ್ಟಿದರೆ ಅರ್ಥ್ ವೈರ್ ಬಿಚ್ಚಬಹುದಾ? ಆಡಿಯೋ ಜೋಡಣೆ ಪ್ರಶ್ನೋತ್ತರ

ಪ್ರಶ್ನೆ (ಮೈಸೂರು): ನಮಸ್ಕಾರ ಸರ್. ಸೆಕೆಂಡ್ ಹ್ಯಾಂಡ್‌ನಲ್ಲಿ ಎವಿ ರಿಸೀವರ್ (ಟಿವಿ, ಸ್ಪೀಕರ್ ಎಲ್ಲ ಜೋಡಿಸುವ ಪೆಟ್ಟಿಗೆ), ಎರಡು ಟವರ್ ಸ್ಪೀಕರ್, ಒಂದು ಸಬ್‌ವೂಫರ್ ತಗೊಂಡೆ. ಹಾಡು ಹಾಕದಿದ್ದರೂ ಸಬ್‌ವೂಫರ್ ಗುಂಯ್ ಅಂತಿತ್ತು. ಎಲೆಕ್ಟ್ರಿಷಿಯನ್ ಬಂದು ಅದರ ಪ್ಲಗ್‌ನಲ್ಲಿ ದಪ್ಪ ಪಿನ್ನಿಗೆ ಹೋಗುವ ಹಸಿರು ವೈರ್ ಬಿಚ್ಚಿದರು. ಶಬ್ದ ನಿಂತಿದೆ. ಹೀಗೇ ಬಿಡಬಹುದಾ?

ಉತ್ತರ: ಬಿಡಬೇಡಿ ಸರ್. ಈಗಲೇ ಪ್ಲಗ್ ಎಳೆದಿಡಿ. ಆ ವೈರ್ ವಾಪಸ್ ಹಾಕಿಸಿದ ಮೇಲೆಯೇ ಸಬ್‌ವೂಫರ್ ಆನ್ ಮಾಡಿ.

ಸಬ್‌ವೂಫರ್ ಹಿಂದೆ ಲೋಹದ ತಟ್ಟೆ ಇದೆಯಲ್ವಾ? ಶಬ್ದ ಜೋರು ಮಾಡುವ ಆಂಪ್ ಇರುವುದು ಅದರ ಒಳಗೆ. ಯಾವತ್ತೋ ಒಂದು ದಿನ ಫೇಸ್ ವೈರ್ ಕಳಚಿ ಆ ತಟ್ಟೆಗೆ ತಾಗಿತು ಅಂದುಕೊಳ್ಳಿ. ಅರ್ಥ್ ಇದ್ದರೆ ಕರೆಂಟು ಆ ದಾರಿಯಲ್ಲಿ ಹರಿದು ಎಂಸಿಬಿಯೋ ಆರ್‌ಸಿಸಿಬಿಯೋ (ಕರೆಂಟು ತಪ್ಪು ದಾರಿ ಹಿಡಿದರೆ ತಾನೇ ಆಫ್ ಆಗುವ ಸ್ವಿಚ್‌ಗಳು) ತಕ್ಷಣ ಟ್ರಿಪ್ ಆಗುತ್ತದೆ. ಅರ್ಥ್ ಇಲ್ಲದಿದ್ದರೆ ಏನೂ ಟ್ರಿಪ್ ಆಗುವುದಿಲ್ಲ. ತಟ್ಟೆಯಲ್ಲಿ 230 ವೋಲ್ಟ್ ಹಾಗೇ ನಿಂತಿರುತ್ತದೆ. ಸಬ್‌ವೂಫರ್‌ಗೂ ರಿಸೀವರ್‌ಗೂ ನಡುವಿನ ಆಡಿಯೋ ವೈರ್, ಅಂದರೆ ಆರ್‌ಸಿಎ ಕೇಬಲ್‌ನ ಹೊರ ಲೋಹದ ಮೂಲಕ ರಿಸೀವರ್‌ಗೂ ಬರಬಹುದು. ಸಂಗೀತ ಚೆನ್ನಾಗಿಯೇ ಕೇಳುತ್ತಿರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ನೆಲ ಒರೆಸುವವರು ಒದ್ದೆ ಕೈಯಲ್ಲಿ ಪೆಟ್ಟಿಗೆ ಸರಿಸಿದಾಗ ಗೊತ್ತಾಗುತ್ತದೆ.

ಈಗ ಆ ಶಬ್ದದ ವಿಷಯ. ಒಂದಕ್ಕೊಂದು ಕೇಬಲ್‌ನಿಂದ ಜೋಡಿಸಿದ ಉಪಕರಣಗಳಿಗೆ ಎರಡು ಬೇರೆ ಕಡೆಯಿಂದ ಅರ್ಥ್ ಬಂದರೆ, ಆ ಎರಡರ ನಡುವೆ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ಅದರಿಂದ ಕೇಬಲ್‌ನ ಹೊರ ಲೋಹದಲ್ಲಿ 50 ಹರ್ಟ್ಸ್‌ನ ಸಣ್ಣ ಕರೆಂಟು ಹರಿಯುತ್ತದೆ. ಸಬ್‌ವೂಫರ್ ಇರುವುದೇ ಅಂಥ ತಗ್ಗಿನ ಸ್ವರ ನುಡಿಸೋದಕ್ಕೆ, ಹಾಗಾಗಿ ಅದನ್ನೂ ಜೋರಾಗಿ ನುಡಿಸುತ್ತದೆ. ಇದಕ್ಕೆ ಗ್ರೌಂಡ್ ಲೂಪ್ ಅಂತಾರೆ. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಇದು ಬರುವುದು ಸೆಟ್ ಟಾಪ್ ಬಾಕ್ಸ್‌ಗೆ ಬರುವ ಕೇಬಲ್ ಟಿವಿ ವೈರ್‌ನಿಂದ. ವಾಲ್ಯೂಮ್ ಪೂರ್ತಿ ಇಳಿಸಿ, ಆ ವೈರ್ ಒಂದನ್ನೇ ಬಿಚ್ಚಿ ನೋಡಿ. ಶಬ್ದ ನಿಂತರೆ ಆ ವೈರ್‌ಗೆ ಗ್ರೌಂಡ್ ಲೂಪ್ ಐಸೊಲೇಟರ್ (ಸಿಗ್ನಲ್ ಹೋಗಲು ಬಿಟ್ಟು ಈ ಕರೆಂಟನ್ನು ತಡೆಯುವ ಸಾಧನ) ಹಾಕಿಸಿ. ನಿಲ್ಲದಿದ್ದರೆ ರಿಸೀವರ್, ಟಿವಿ, ಸಬ್‌ವೂಫರ್ ಎಲ್ಲವನ್ನೂ ಒಂದೇ ಪ್ಲಗ್ ಪಾಯಿಂಟ್‌ನಿಂದ ಕೊಟ್ಟು ನೋಡಿ. ಆಗಲೂ ಹೋಗದಿದ್ದರೆ ಆರ್‌ಸಿಎ ಕೇಬಲ್ ನಡುವೆ ಅದೇ ಕೆಲಸ ಮಾಡುವ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ದಾರಿ ಇಷ್ಟೊಂದಿವೆ. ಅರ್ಥ್ ಕೀಳುವುದು ಅದರಲ್ಲಿ ಸೇರಿಲ್ಲ.

ಪ್ರಶ್ನೆ (ಮೈಸೂರು, ಮತ್ತೆ): ಅರ್ಥ್ ಹಾಕಿಸಿದೆ ಸರ್. ನೀವು ಹೇಳಿದ ಹಾಗೆ ಕೇಬಲ್ ಟಿವಿ ವೈರ್ ಬಿಚ್ಚಿದ ತಕ್ಷಣ ಶಬ್ದ ನಿಂತಿತು. ರಿಸೀವರ್ ಪ್ಲಗ್‌ಗೆ ಎರಡೇ ಪಿನ್ ಇದೆ, ಅದಕ್ಕೆ ಅರ್ಥ್ ಬೇಡವಾ?

ಉತ್ತರ: ಅದರ ಹಿಂದೆ ಚೌಕದೊಳಗೆ ಇನ್ನೊಂದು ಚೌಕದ ಗುರುತು ಇದೆಯಾ ನೋಡಿ. ಇದ್ದರೆ ಅದು ಎರಡು ಪದರ ಇನ್ಸುಲೇಷನ್‌ನದ್ದು, ಎರಡೇ ಪಿನ್ ಸಾಕು. ಕಂಪನಿಯೇ ಮೂರು ಪಿನ್ ಕೊಟ್ಟಿದ್ದರೆ ಮೂರೂ ಬೇಕು.

ಗೋಡೆಯ ಪಾಯಿಂಟ್‌ನಲ್ಲಿ ಅರ್ಥ್ ನಿಜವಾಗಿ ಇದೆಯಾ ಅಂತಲೂ ನೋಡಿಸಿಬಿಡಿ. ಮಲ್ಟಿಮೀಟರ್‌ನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಸುಮಾರು 230 ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಸರಿ. ಕೆಲವು ಮನೆಗಳಲ್ಲಿ ಬೋರ್ಡಿನೊಳಗೇ ನ್ಯೂಟ್ರಲ್‌ನಿಂದ ತುಂಡು ವೈರ್ ಎಳೆದು ಅರ್ಥ್ ತೂತಿಗೆ ಕೊಟ್ಟಿರುತ್ತಾರೆ. ಮೀಟರ್‌ಗೆ ಎಲ್ಲ ಸರಿಯಾಗೇ ಕಾಣುತ್ತದೆ, ಆದರೆ ನ್ಯೂಟ್ರಲ್ ಎಲ್ಲಾದರೂ ಕಡಿದರೆ ಪೆಟ್ಟಿಗೆಗೆ ನೇರ ಕರೆಂಟು. ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿಸಿ ನೋಡಿದರೇ ಗೊತ್ತಾಗೋದು. ಸ್ವಂತ ಮನೆಯಾದರೆ, ಉಪ್ಪು ಇದ್ದಿಲು ಹಾಕಿದ ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕಿ.

ಪ್ರಶ್ನೆ (ಧಾರವಾಡ): ಅಣ್ಣ ಅಮೆರಿಕದಿಂದ ವಾಪಸ್ ಬರ್ತಾ ಪವರ್ ಆಂಪ್ ತಂದಿದ್ದಾನೆ ಸರ್. ಸುಮಾರು 30 ಕೆಜಿ ಇದೆ, ಇನ್ನೂ ಡಬ್ಬದಲ್ಲೇ ಇದೆ. ಪ್ಲಗ್ ಬದಲಾಯಿಸಿದರೆ ಸಾಕಾ?

ಉತ್ತರ: ಸಾಲದು. ಹಿಂದಿನ ಲೇಬಲ್ ಓದಿ. 120 ವೋಲ್ಟ್ ಅಂತ ಮಾತ್ರ ಇದ್ದರೆ ಇಲ್ಲಿನ 230ಕ್ಕೆ ಹಾಕಿದ ಕೂಡಲೇ ಸುಟ್ಟುಹೋಗುತ್ತದೆ. 230 ಅನ್ನು 120ಕ್ಕೆ ಇಳಿಸುವ ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಬೇಕು. ಲೇಬಲ್‌ನಲ್ಲಿ 600 ವ್ಯಾಟ್ ಅಂತಿದ್ದರೆ 1000 ವಿಎ (ಟ್ರಾನ್ಸ್‌ಫಾರ್ಮರ್ ತಾಳುವ ಲೋಡ್‌ನ ಅಳತೆ) ಅಥವಾ ಅದಕ್ಕಿಂತ ದೊಡ್ಡದನ್ನೇ ತಗೊಳ್ಳಿ. ಅರ್ಥ್ ಅನ್ನು ಆಂಪ್‌ವರೆಗೂ ಮುಟ್ಟಿಸುವ ಮೂರು ಪಿನ್ನಿನದು ಬೇಕು. 60 ಹರ್ಟ್ಸ್ ಅಂತ ಮಾತ್ರ ಇದ್ದರೆ ನಮ್ಮ 50 ಹರ್ಟ್ಸ್‌ನಲ್ಲಿ ಆಂಪ್ ಒಳಗಿನ ಟ್ರಾನ್ಸ್‌ಫಾರ್ಮರ್ ಜಾಸ್ತಿ ಬಿಸಿಯಾಗಬಹುದು. ಹಾಕುವ ಮುಂಚೆ ಕಂಪನಿಯನ್ನು ಕೇಳಿ.

ಎತ್ತುವ ಮುಂಚೆ ಇದನ್ನೂ ಓದಿ. ಆಂಪ್‌ನ ಭಾರ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಟ್ರಾನ್ಸ್‌ಫಾರ್ಮರ್ ಇರುವ ಕಡೆ ತುಂಬಾ ಭಾರ. ಒಬ್ಬರೇ ತಬ್ಬಿ ಎತ್ತಿದರೆ ಅದು ಥಟ್ಟನೆ ಒಂದು ಕಡೆಗೆ ವಾಲುತ್ತದೆ. ಬೆನ್ನು ಹಿಡಿದುಕೊಳ್ಳುವುದು, ಬೆರಳು ಜಜ್ಜುವುದು ಆಗಲೇ. ಇಬ್ಬರು ಸೇರಿ, ಮೊಣಕಾಲು ಮಡಿಸಿ ಎತ್ತಿ. ಡಬ್ಬದ ಬಾಯಿ ತೆರೆದು, ಮುಚ್ಚಳಗಳನ್ನು ಹೊರಕ್ಕೆ ಮಡಚಿ, ಒಳಗಿನ ಥರ್ಮೋಕೋಲ್ ಬಿಡದೆ ನಿಧಾನವಾಗಿ ಬೋರಲು ಹಾಕಿ. ಆಮೇಲೆ ಡಬ್ಬವನ್ನೇ ಮೇಲಕ್ಕೆ ಎಳೆಯಿರಿ. ಎತ್ತುವ ಕೆಲಸ ಅರ್ಧ ಕಡಿಮೆಯಾಗುತ್ತದೆ. ಗಾಜಿನ ಹಲಗೆ, ತೆಳು ಪಾರ್ಟಿಕಲ್ ಬೋರ್ಡ್ ಟಿವಿ ಯೂನಿಟ್ ಮೇಲೆ ಇಡಬೇಡಿ. ಮೇಲೆ ಗಾಳಿಯಾಡಲು ಒಂದು ಗೇಣು ಜಾಗ ಬಿಡಿ.

ಪ್ರಶ್ನೆ (ದಾವಣಗೆರೆ): ನಮ್ಮ ರಿಸೀವರ್ ವಾಲ್ಯೂಮ್ ಏರಿಸಿದರೆ ಪ್ರೊಟೆಕ್ಟ್ ಅಂತ ತೋರಿಸಿ ಆಫ್ ಆಗುತ್ತೆ.

ಉತ್ತರ: ಪ್ಲಗ್ ಎಳೆದು ಸ್ಪೀಕರ್ ವೈರ್ ತುದಿಗಳನ್ನು ನೋಡಿ. ಕೆಂಪಿನ ಒಂದು ಎಳೆ ಕಪ್ಪಿಗೆ ತಾಗಿದರೂ ಹೀಗಾಗುತ್ತದೆ. ಒಂದು ಸೆಂಟಿಮೀಟರ್ ಮಾತ್ರ ಸುಲಿದು, ಬಿಗಿಯಾಗಿ ಹುರಿ ಮಾಡಿ ಹಾಕಿ. ಒಂದೇ ಜೋಡಿ ಟರ್ಮಿನಲ್‌ಗೆ ಎರಡು 8 ಓಮ್ ಸ್ಪೀಕರ್ ಸೇರಿಸಿದ್ದೀರಾ? ಆಗ ಅದು 4 ಓಮ್ ಆಗುತ್ತದೆ, ಎಲ್ಲ ರಿಸೀವರ್‌ಗಳೂ ಅದನ್ನು ತಡೆಯಲ್ಲ. ಮುಚ್ಚಳ ಮಾತ್ರ ಬಿಚ್ಚಬೇಡಿ. ಪ್ಲಗ್ ಎಳೆದ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ.

ಪ್ರಶ್ನೆ (ಶಿವಮೊಗ್ಗ): ಮಗಳಿಗೆ ಎರಡು ವರ್ಷ ಸರ್. ಟವರ್ ಸ್ಪೀಕರ್ ಹಿಡಿದು ನಿಲ್ಲೋಕೆ ನೋಡ್ತಾಳೆ. ಬಾಡಿಗೆ ಮನೆ, ಗೋಡೆ ಟೊಳ್ಳು ಬ್ಲಾಕ್‌ನದ್ದು.

ಉತ್ತರ: ಮೇಡಂ, ಇದನ್ನು ನಾಳೆಗೆ ಬಿಡಬೇಡಿ. ಟವರ್ ಸ್ಪೀಕರ್ 20 ಕೆಜಿಗೂ ಜಾಸ್ತಿ ಇರಬಹುದು, ತಳವೋ ಕಿರಿದು. ಮೇಲ್ಗಡೆ ಹಿಡಿದು ಎಳೆದರೆ ಮಗುವಿನ ಮೇಲೇ ಬೀಳುತ್ತದೆ. ಜೊತೆಗೆ ಬಂದ ಅಗಲದ ಪಾದಗಳಿದ್ದರೆ ಹಾಕಿ. ಹಿಂಭಾಗವನ್ನು ಪಟ್ಟಿಯಿಂದ ಗೋಡೆಗೆ ಕಟ್ಟಿ. ಟೊಳ್ಳು ಬ್ಲಾಕ್‌ನಲ್ಲಿ ಸಾದಾ ಪ್ಲಾಸ್ಟಿಕ್ ಪ್ಲಗ್ ಸ್ಕ್ರೂ ಹಿಡಿಯಲ್ಲ, ಒಳಗೆ ಹೋಗಿ ಅಗಲವಾಗುವ ಆಂಕರ್ ಬೇಕು. ಮಾಲೀಕರು ತೂತು ಕೊರೆಯಲು ಒಪ್ಪದಿದ್ದರೆ ಮಗು ದೊಡ್ಡವಳಾಗುವವರೆಗೆ ಆ ಸ್ಪೀಕರ್‌ಗಳನ್ನು ಬೀಗ ಹಾಕುವ ಕೋಣೆಯಲ್ಲಿ ಇಡಿ. ಅಲ್ಲಿಯವರೆಗೆ ಚಿಕ್ಕ ಸ್ಪೀಕರ್ ಸಾಕು.

ಪ್ರಶ್ನೆ (ಶಿರಸಿ): ಸಿಡಿಲಿನ ಕಾಲದಲ್ಲಿ ಸ್ವಿಚ್ ಆಫ್ ಮಾಡಿದರೆ ಸಾಕಾಗುತ್ತಾ?

ಉತ್ತರ: ಸಾಕಾಗಲ್ಲ. ಪ್ಲಗ್, ಕೇಬಲ್ ಟಿವಿ ವೈರ್, ಇಂಟರ್ನೆಟ್ ವೈರ್, ಮೂರೂ ಎಳೆದಿಡಬೇಕು. ಗುಡುಗು ಶುರುವಾದ ಮೇಲೆ ವೈರ್ ಮುಟ್ಟಲು ಹೋಗಬೇಡಿ. ಮೋಡ ಕಟ್ಟಿದಾಗಲೇ, ಇಲ್ಲಾ ಮನೆಯಿಂದ ಹೊರಡುವಾಗಲೇ ಎಳೆದಿಟ್ಟುಬಿಡಿ.